ಹುನೈನ್ ಒಪ್ಪಿಸಿದ ಲೆಕ್ಕ



ಕ್ರಿ.ಶ. 856ರಲ್ಲಿ ಬಾಗ್ದಾದಿನ ವೈದ್ಯನೊಬ್ಬ ತನ್ನ ಪರಿಚಿತನಿಗೆ ದೊಡ್ಡದೊಂದು ಪತ್ರ ಬರೆದ. ವೈದ್ಯನ ಹೆಸರು ಹುನೈನ್ ಇಬ್ನ್ ಇಸ್‌ಹಾಖ್. ಬರೆದುಕೊಡಿ ಎಂದು ಕೇಳಿದವನು ಅಲಿ ಇಬ್ನ್ ಯಹ್ಯಾ. ಖಲೀಫರ ಆಸ್ಥಾನದಲ್ಲಿ ಸಲಿಗೆಯಿದ್ದ ಈ ಶ್ರೀಮಂತನಿಗೆ ಪುಸ್ತಕವೆಂದರೆ ಪ್ರಾಣ. ಅವನ ಗ್ರಂಥಭಂಡಾರಕ್ಕೆ ಓದಲು ಬಂದವರು ಯಾವ ಊರಿನವರೇ ಇರಲಿ, ಊಟ, ವಸತಿ ಎರಡೂ ಅವನ ಖರ್ಚಿನಲ್ಲೇ ನಡೆಯುತ್ತಿದ್ದವು. ಅವನು ಕೇಳಿದ್ದು ಗ್ರೀಕ್ ವೈದ್ಯ ಗೇಲನನ ಗ್ರಂಥಗಳ ವಿಷಯ. ಒಟ್ಟು ಎಷ್ಟು ಗ್ರಂಥಗಳಿವೆ, ಒಂದೊಂದರಲ್ಲಿ ಏನಿದೆ? ಯಾವುದು ಸಿರಿಯಾಕ್ ಭಾಷೆಗೆ ಬಂದಿದೆ, ಯಾವುದು ಅರಬ್ಬಿಗೆ? ಅನುವಾದ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು? ನೀವೇ ಮಾಡಿದ್ದಾದರೆ ಆಗ ನಿಮ್ಮ ವಯಸ್ಸು ಎಷ್ಟಿತ್ತು? ಇನ್ನೂ ಯಾರೂ ಕೈಹಾಕದೆ ಉಳಿದದ್ದು ಯಾವುದು, ಮೂಲವೇ ಸಿಗದೆ ಹೋದದ್ದು ಯಾವುದು?

ಹುನೈನ್ ಒಂದನ್ನೂ ಬಿಡದೆ ಉತ್ತರ ಕೊಟ್ಟ. ಗೇಲನನ 129 ಗ್ರಂಥಗಳನ್ನು ಒಂದೊಂದಾಗಿ ಎತ್ತಿಕೊಂಡು ವಿವರ ಬರೆದ. ಮುಂದೆ 864ರಲ್ಲಿ, ಆ ನಡುವೆ ಆದ ಹೊಸ ಅನುವಾದಗಳನ್ನೂ ಅದಕ್ಕೆ ಸೇರಿಸಿದ. ಈ ಪತ್ರದ ಹಸ್ತಪ್ರತಿ ಇಸ್ತಾಂಬುಲಿನ ಅಯಾಸೋಫ್ಯಾ ಗ್ರಂಥಾಲಯದಲ್ಲಿ ಉಳಿದುಕೊಂಡಿತ್ತು. ಜರ್ಮನ್ ವಿದ್ವಾಂಸ ಬೆರ್ಗ್‌ಸ್ಟ್ರೆಸರ್ ಅದನ್ನು 1925ರಲ್ಲಿ ಅಚ್ಚು ಹಾಕಿಸಿದರು. ಅನುವಾದದ ಬಗ್ಗೆ ಲೋಕದಲ್ಲಿ ಬಹಳಷ್ಟು ಬರೆದಿದ್ದಾರೆ. ಆದರೆ ಅನುವಾದಕನೊಬ್ಬ ತನ್ನ ಜೀವಮಾನದ ಕೆಲಸವನ್ನು ಹೀಗೆ ಪುಸ್ತಕ ಪುಸ್ತಕವಾಗಿ ಲೆಕ್ಕ ಒಪ್ಪಿಸಿದ ಬರಹ ನನಗೆ ಇನ್ನೊಂದು ಸಿಕ್ಕಿಲ್ಲ. ಮಧ್ಯಯುಗದ ಇಸ್ಲಾಮೀ ಜಗತ್ತಿನಲ್ಲಿ ಗ್ರೀಕ್ ವಿದ್ಯೆ ಅರಬ್ಬಿಗೆ ಬಂದ ಬಗೆಯನ್ನು ಇವತ್ತು ಈ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಬೇಕೆಂದಿದ್ದೇನೆ.

ಈ ಕಥೆಯನ್ನು ಸಾಮಾನ್ಯವಾಗಿ ಒಂದು ಕನಸಿನಿಂದ ಶುರುಮಾಡುತ್ತಾರೆ. 813ರಿಂದ 833ರವರೆಗೆ ಆಳಿದ ಖಲೀಫ ಅಲ್-ಮಾಮೂನನ ಕನಸಿನಲ್ಲಿ ಅಗಲ ಹಣೆಯ, ಕೂಡಿದ ಹುಬ್ಬಿನ ಹಿರಿಯನೊಬ್ಬ ಕಾಣಿಸಿಕೊಂಡನಂತೆ. ತಾನು ಅರಿಸ್ಟಾಟಲ್ ಎಂದನಂತೆ. ಒಳ್ಳೆಯದು ಯಾವುದು ಎಂದು ಖಲೀಫ ಕೇಳಿದ್ದಕ್ಕೆ ಬುದ್ಧಿಗೆ ಒಳ್ಳೆಯದೆಂದು ತೋರಿದ್ದು ಎಂದು ಉತ್ತರ ಕೊಟ್ಟನಂತೆ. ಎದ್ದ ಖಲೀಫ ಗ್ರೀಕ್ ಗ್ರಂಥಗಳಿಗಾಗಿ ಬೈಜಾಂಟಿಯಮ್ಮಿಗೆ ಜನರನ್ನು ಕಳಿಸಿದ ಎಂಬುದು ಮುಂದಿನ ಮಾತು. 10ನೇ ಶತಮಾನದ ಪುಸ್ತಕವ್ಯಾಪಾರಿ ಇಬ್ನ್ ಅಲ್-ನದೀಮ್ ಇದನ್ನು ತನ್ನ ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾನೆ. ಸುಂದರವಾದ ಕಥೆ, ನಿಜ. ಆದರೆ ಮಾಮೂನ್ ಪಟ್ಟಕ್ಕೆ ಬರುವ ಹೊತ್ತಿಗೆ ಬಾಗ್ದಾದಿನಲ್ಲಿ ಅನುವಾದದ ಕೆಲಸ ಶುರುವಾಗಿ ಅರ್ಧ ಶತಮಾನ ಕಳೆದಿತ್ತು. ಕನಸಿನಿಂದ ಅನುವಾದ ಹುಟ್ಟಿತು ಅನ್ನುವುದಕ್ಕಿಂತ, ಅನುವಾದಕ್ಕೆ ಬಂದಿದ್ದ ಗೌರವದಿಂದ ಈ ಕನಸು ಹುಟ್ಟಿತು ಎನ್ನುವುದೇ ಸರಿ. ಈ ಕಾಲವನ್ನು ಆಳವಾಗಿ ಓದಿಕೊಂಡ ದಿಮಿತ್ರಿ ಗುಟಾಸ್ ಅವರ ಅಭಿಪ್ರಾಯವೂ ಇದೇ.

‘ಬೈತುಲ್ ಹಿಕ್ಮಾ’ ಎಂಬ ಜ್ಞಾನಮಂದಿರದ ವಿಷಯವೂ ಹಾಗೆಯೇ. ಎಲ್ಲ ಅನುವಾದಕರೂ ಅಲ್ಲಿ ಸಾಲಾಗಿ ಕುಳಿತು ಕೆಲಸ ಮಾಡುತ್ತಿದ್ದರೆಂಬ ಚಿತ್ರ ನಮ್ಮ ಶಾಲಾಪುಸ್ತಕಗಳವರೆಗೂ ಬಂದಿದೆ. ಅದು ಅರಮನೆಯ ಗ್ರಂಥಭಂಡಾರವಾಗಿತ್ತು ಎಂಬುದಕ್ಕೆ ಆಧಾರವಿದೆ. ಹುನೈನ್ ಅಲ್ಲಿ ಕೆಲಸ ಮಾಡಿದ ಎಂಬುದಕ್ಕೆ ಅವನ ಪತ್ರದಲ್ಲಿ ಒಂದು ಮಾತೂ ಇಲ್ಲ. ಪತ್ರದ ತುಂಬ ಇರುವುದು ಹಣ ಕೊಟ್ಟು ಪುಸ್ತಕ ಬರೆಸಿಕೊಂಡ ವೈದ್ಯರ, ಮಂತ್ರಿಗಳ, ಗಣಿತಜ್ಞರ ಹೆಸರುಗಳು. ಒಬ್ಬ ದೊರೆಯ ಔದಾರ್ಯದಿಂದ ಇಷ್ಟು ದೊಡ್ಡ ಕೆಲಸ ನಡೆಯುವುದಿಲ್ಲ. ಇನ್ನೂರು ವರ್ಷ ಒಂದು ಊರಿನ ಬಲ್ಲವರು, ಉಳ್ಳವರು ಎಲ್ಲರೂ ಇದು ನಮಗೆ ಬೇಕೇ ಬೇಕು ಎಂದುಕೊಂಡಿದ್ದರಿಂದ ನಡೆಯಿತು.

ಬೇಕು ಅನ್ನಿಸಲು ಗಟ್ಟಿಯಾದ ಕಾರಣಗಳಿದ್ದವು. ಖಲೀಫ ಅಲ್-ಮನ್ಸೂರ್ 762ರಲ್ಲಿ ಬಾಗ್ದಾದ್ ನಗರಕ್ಕೆ ಅಡಿಪಾಯ ಹಾಕಿದ್ದೇ ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತದಲ್ಲಿ. ಮುಹೂರ್ತಕ್ಕೆ ಗ್ರಹಗತಿ ಬೇಕು, ಗ್ರಹಗತಿಗೆ ಗಣಿತ ಬೇಕು. ಆ ಗಣಿತ ಮೊದಲು ಬಂದದ್ದು ಗ್ರೀಸಿನಿಂದಲ್ಲ, ನಮ್ಮ ದೇಶದಿಂದ. 770ರ ಆಸುಪಾಸಿನಲ್ಲಿ ಸಿಂಧ್ ಕಡೆಯಿಂದ ಹೋದ ನಿಯೋಗದ ಜೊತೆ ಸಂಸ್ಕೃತದ ಸಿದ್ಧಾಂತ ಗ್ರಂಥವೊಂದು ಬಾಗ್ದಾದಿಗೆ ಹೋಗಿ ‘ಸಿಂದ್‌ಹಿಂದ್’ ಎಂಬ ಹೆಸರಿನಿಂದ ಅರಬ್ಬಿಗೆ ಇಳಿಯಿತು. ಬರ್ಮಕಿ ಮನೆತನದ ಮಂತ್ರಿ ಯಹ್ಯಾ ‘ಸುಶ್ರುತ ಸಂಹಿತೆ’ಯನ್ನೂ ಅನುವಾದ ಮಾಡಿಸಿದ. ಪಹ್ಲವಿ ಭಾಷೆಯಿಂದಲೂ ಬಹಳಷ್ಟು ಬಂತು. ಗ್ರೀಕಿನ ಪ್ರವಾಹ ನುಗ್ಗಿದ್ದು ಇವುಗಳ ಬೆನ್ನ ಹಿಂದೆ.

ಇನ್ನೊಂದು ಕಾರಣ ವಾದ. ಹೊಸ ಸಾಮ್ರಾಜ್ಯದಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಮಾನಿಯ ಅನುಯಾಯಿಗಳು ಒಂದೇ ಬೀದಿಯಲ್ಲಿ ಬದುಕುತ್ತಿದ್ದರು, ಒಂದೇ ಸಭೆಯಲ್ಲಿ ವಾದಕ್ಕೆ ನಿಲ್ಲುತ್ತಿದ್ದರು. ವಾದ ಹೂಡುವ, ಎದುರಾಳಿಯ ವಾದವನ್ನು ಮುರಿಯುವ ಕ್ರಮವನ್ನು ಕಲಿಸುವ ಅರಿಸ್ಟಾಟಲನ ‘ಟಾಪಿಕ್ಸ್’ ಗ್ರಂಥ ಬೇಕೆಂದು ಖಲೀಫ ಅಲ್-ಮಹ್ದಿ 782ರ ಸುಮಾರಿಗೆ ಕೇಳಿದ. ಕೇಳಿದ್ದು ಯಾರನ್ನು ಗೊತ್ತೇ? ಪೂರ್ವದೇಶದ ಕ್ರೈಸ್ತ ಸಭೆಯ ಮಹಾಗುರು ತಿಮೋಥಿಯನ್ನು. ಅದೇ ಖಲೀಫನೊಡನೆ ಧರ್ಮದ ವಿಷಯದಲ್ಲಿ ಎದುರುಬದುರು ಕುಳಿತು ವಾದ ಮಾಡಿದ್ದವನೂ ಇದೇ ತಿಮೋಥಿ. ಅವನು ಅಬೂ ನೂಹ್ ಎಂಬ ವಿದ್ವಾಂಸನ ಜೊತೆ ಸೇರಿ ಅನುವಾದ ಮಾಡಿಕೊಟ್ಟ. ಆಗ ಅವನು ಗೆಳೆಯನಿಗೆ ಬರೆದ ಕಾಗದ ಉಳಿದಿದೆ. ಮಾರ್ ಮತ್ತಾಯಿ ಮಠದಲ್ಲಿ ಈ ಗ್ರಂಥಕ್ಕೆ ಟೀಕೆಗಳೇನಾದರೂ ಇದ್ದರೆ ವಿಚಾರಿಸು ಎಂದು ಅದರಲ್ಲಿ ಕೇಳಿದ್ದಾನೆ. ಆ ಮಠ ಇನ್ನೊಂದು ಪಂಗಡದವರದು. ಮುಸ್ಲಿಂ ದೊರೆಗಾಗಿ ಕ್ರೈಸ್ತ ಗುರು ಎದುರು ಪಂಗಡದ ಮಠದಲ್ಲಿ ಗ್ರೀಕ್ ತತ್ವಜ್ಞಾನಿಯ ಟೀಕೆಗಳನ್ನು ಹುಡುಕಿಸಿದ ಈ ಪ್ರಸಂಗ ನನಗೆ ಖಲೀಫನ ಕನಸಿಗಿಂತ ಹೆಚ್ಚು ಹಿಡಿಸುತ್ತದೆ.

ಜೊತೆಗೆ ಕಾಗದವೂ ಸರಿಯಾದ ಹೊತ್ತಿಗೆ ಬಂತು. ಸಮರ್ಖಂಡದ ಕಡೆಯಿಂದ ಬಂದ ಕಾಗದದ ಕಸುಬು 8ನೇ ಶತಮಾನ ಮುಗಿಯುವುದರೊಳಗೆ ಬಾಗ್ದಾದಿನಲ್ಲಿ ಬೇರೂರಿತ್ತು. ಚರ್ಮದ ಹಾಳೆಯ ಮೇಲೆ ಬರೆಸುವ ಖರ್ಚಿನ ಮುಂದೆ ಇದು ಅಗ್ಗ. ಪುಸ್ತಕದ ಅಂಗಡಿಗಳ ಬೀದಿಯೇ ಒಂದು ಎದ್ದು ನಿಂತಿತು.

ಈಗ ಹುನೈನನ ಕಡೆಗೆ ಬರೋಣ. ಇರಾಕಿನ ಹೀರಾ ಎಂಬ ಹಳೆಯ ಊರಿನಲ್ಲಿ 808ರ ಸುಮಾರಿಗೆ ಹುಟ್ಟಿದ. ಮನೆತನ ಅರಬ್ ಕ್ರೈಸ್ತರದು, ತಂದೆ ಔಷಧ ಮಾರುವವನು. ವೈದ್ಯ ಕಲಿಯಲು ಬಾಗ್ದಾದಿಗೆ ಬಂದು, ಆ ಕಾಲದ ಹೆಸರಾಂತ ವೈದ್ಯ ಯೂಹನ್ನಾ ಇಬ್ನ್ ಮಾಸವೈಹನ ಪಾಠಕ್ಕೆ ಸೇರಿದ. ಹುಡುಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ. ಒಂದು ದಿನ ಗುರುವಿನ ತಾಳ್ಮೆ ತಪ್ಪಿತು. ಹೀರಾದವರಿಗೆ ವೈದ್ಯವೇಕೆ, ಬೀದಿಯಲ್ಲಿ ಕುಳಿತು ನಾಣ್ಯದ ವ್ಯಾಪಾರ ಮಾಡು ಹೋಗು ಎಂದು ಹೊರಗೆ ಹಾಕಿದ. ಹುಡುಗ ಅಳುತ್ತಾ ಹೋದ. ಕೆಲವು ವರ್ಷ ಅವನ ಸುದ್ದಿಯೇ ಇಲ್ಲ. ಒಂದು ದಿನ ಬಾಗ್ದಾದಿನ ಮನೆಯೊಂದರಲ್ಲಿ ಉದ್ದ ಕೂದಲು ಬಿಟ್ಟುಕೊಂಡ ಯುವಕನೊಬ್ಬ ಅತ್ತಿತ್ತ ಓಡಾಡುತ್ತಾ ಹೋಮರನ ಕಾವ್ಯವನ್ನು ಗ್ರೀಕಿನಲ್ಲೇ ಬಾಯಿಪಾಠ ಹೇಳುತ್ತಿದ್ದನಂತೆ. ಹಿಂದೆ ನೋಡಿದ್ದವನೊಬ್ಬ ಗುರುತು ಹಿಡಿದ: ಇವನು ಹುನೈನ್! ಮುಂದೆ ಅದೇ ಗುರು ಅವನ ಪಾಂಡಿತ್ಯಕ್ಕೆ ಬೆರಗಾಗಿ ರಾಜಿಗೆ ಬಂದ, ತನಗಾಗಿ ಗ್ರಂಥಗಳನ್ನು ಅನುವಾದ ಮಾಡಿಸಿಕೊಂಡ.

ವೈದ್ಯ ಕಲಿಯಲು ಬಂದವನು ಗ್ರೀಕ್ ಕಲಿತದ್ದೇಕೆ? ಅಂದಿನ ವೈದ್ಯಶಾಸ್ತ್ರ ಎಂದರೆ ಬಹುಮಟ್ಟಿಗೆ ಗೇಲನ್. 2ನೇ ಶತಮಾನದ ಈ ವೈದ್ಯ ಪೆರ್ಗಮಮ್ ಊರಿನವನು, ರೋಮಿನಲ್ಲಿ ಚಕ್ರವರ್ತಿಗಳಿಗೆ ಚಿಕಿತ್ಸೆ ಮಾಡಿದವನು. ನಾಡಿ, ಜ್ವರ, ಅಂಗರಚನೆ, ಔಷಧ, ಪಥ್ಯ ಎಲ್ಲದರ ಮೇಲೂ ಬರೆದಿದ್ದ. ಬಾಗ್ದಾದಿನ ವೈದ್ಯರಲ್ಲಿ ಹೆಚ್ಚಿನವರು ಸಿರಿಯಾಕ್ ಮಾತಾಡುವ ಕ್ರೈಸ್ತರು. ಅವರ ಕೈಯಲ್ಲಿದ್ದದ್ದು 536ರಲ್ಲಿ ತೀರಿಕೊಂಡ ರೇಶ್ ಐನಾದ ಸೆರ್ಗಿಯಸ್ ಮಾಡಿದ್ದ ಹಳೆಯ ಅನುವಾದಗಳು. ಅವುಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಅರ್ಥವೇ ಆಗುವುದಿಲ್ಲ ಎಂದು ಹುನೈನ್ ನೇರವಾಗಿ ಬರೆಯುತ್ತಾನೆ. ಹಾಗಾಗಿ ಅವನ ಅನುವಾದಗಳಲ್ಲಿ ಹೆಚ್ಚಿನವು ಗ್ರೀಕಿನಿಂದ ಸಿರಿಯಾಕಿಗೆ. ಅರಬ್ಬಿಗೆ ಆದವು ಅದಕ್ಕಿಂತ ಕಡಿಮೆ. ಇದನ್ನು ಮರೆತು ಎಲ್ಲವೂ ಗ್ರೀಕಿನಿಂದ ನೇರ ಅರಬ್ಬಿಗೆ ಬಂತು ಎಂದುಕೊಂಡರೆ ಈ ಕೆಲಸದ ಅರ್ಧ ಪಾಲು ಕಣ್ತಪ್ಪಿ ಹೋಗುತ್ತದೆ.

ಪತ್ರದ ಒಂದು ನಮೂದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈದ್ಯರ ಪಂಥಗಳನ್ನು ಕುರಿತ ಗೇಲನನ ಪುಟ್ಟ ಗ್ರಂಥವೊಂದಿದೆ. ವೈದ್ಯ ಕಲಿಯುವವರು ಮೊದಲು ಓದಬೇಕಾದದ್ದು. ಹುನೈನ್ ಹೇಳುತ್ತಾನೆ: ತನಗೆ ಇಪ್ಪತ್ತು ವರ್ಷವಾಗಿದ್ದಾಗ ಜುಂದಿಶಾಪುರದ ವೈದ್ಯನೊಬ್ಬನಿಗಾಗಿ ಇದನ್ನು ಅನುವಾದ ಮಾಡಿದೆ. ಕೈಯಲ್ಲಿದ್ದದ್ದು ತಪ್ಪುಗಳಿಂದ ತುಂಬಿದ ಒಂದೇ ಒಂದು ಗ್ರೀಕ್ ಪ್ರತಿ. ನಲವತ್ತರ ಸುಮಾರಿಗೆ ಶಿಷ್ಯ ಹುಬೈಶ್ ಇದನ್ನು ತಿದ್ದಿಕೊಡಿ ಎಂದು ಕೇಳಿದ. ಅಷ್ಟರಲ್ಲಿ ಅದೇ ಗ್ರಂಥದ ಹಲವು ಗ್ರೀಕ್ ಪ್ರತಿಗಳು ಸೇರಿದ್ದವು. ಆಗ ತಾನು ಮಾಡಿದ್ದೇನೆಂದರೆ, ಮೊದಲು ಆ ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಸರಿಯಾದ ಒಂದು ಗ್ರೀಕ್ ಪಾಠವನ್ನು ಸಿದ್ಧಪಡಿಸಿಕೊಂಡೆ. ಆಮೇಲೆ ಅದನ್ನು ಎದುರಿಗಿಟ್ಟುಕೊಂಡು ಹಳೆಯ ಅನುವಾದವನ್ನು ತಿದ್ದಿದೆ. ತಾನು ಅನುವಾದಿಸುವ ಎಲ್ಲ ಗ್ರಂಥಗಳಿಗೂ ಇದೇ ಕ್ರಮ.

ಈ ಮಾತಿನ ತೂಕವನ್ನು ಗಮನಿಸಬೇಕು. ಕೈಗೆ ಸಿಕ್ಕ ಪ್ರತಿಯನ್ನು ಅವನು ಮೂಲವೆಂದು ನಂಬಲಿಲ್ಲ. ಲಿಪಿಕಾರರ ಕೈಯಿಂದ ಕೈಗೆ ಬರುವಾಗ ಸಾಲುಗಳು ಬಿದ್ದುಹೋಗುತ್ತವೆ, ಅಕ್ಷರಗಳು ಅದಲುಬದಲಾಗುತ್ತವೆ ಎಂಬುದನ್ನು ಅರಿತು, ಅನುವಾದಕ್ಕೆ ಮುಂಚೆ ಮೂಲವನ್ನೇ ಕಟ್ಟಿಕೊಂಡ. ನಮ್ಮಲ್ಲಿ ಪಂಪ, ರನ್ನರ ಕಾವ್ಯಗಳನ್ನು ಓಲೆಗರಿಗಳಿಂದ ಎತ್ತಿ, ಪಾಠಾಂತರಗಳನ್ನು ಗುರುತು ಹಾಕಿ ಸಂಪಾದಿಸಿದ ಹಿರಿಯರು ಮಾಡಿದ್ದೂ ಇದೇ ಕೆಲಸ. ಹುನೈನ್ ಅದನ್ನು 9ನೇ ಶತಮಾನದಲ್ಲಿ, ಪರಭಾಷೆಯ ಗ್ರಂಥಗಳಿಗೆ, ಮಾಡುತ್ತಿದ್ದ. ಅದೂ ತಾನು ಇಪ್ಪತ್ತರಲ್ಲಿ ಮಾಡಿದ್ದು ಸಾಲದು ಎಂದು ನಲವತ್ತರಲ್ಲಿ ತಿದ್ದಿ, ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟು. ಅನುವಾದಕನ ವಯಸ್ಸನ್ನು ಅಲಿ ಇಬ್ನ್ ಯಹ್ಯಾ ಏಕೆ ಕೇಳಿದ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಯಾವ ವಯಸ್ಸಿನಲ್ಲಿ ಮಾಡಿದ್ದು ಎಂದು ತಿಳಿದರೆ ಯಾವ ಪ್ರತಿಯನ್ನು ಎಷ್ಟು ನಂಬಬಹುದು ಎಂದು ಓದುವವನಿಗೆ ತಿಳಿಯುತ್ತದೆ.

ಇನ್ನೊಂದು ನಮೂದು ಗೇಲನನ ಪ್ರಮಾಣಶಾಸ್ತ್ರದ ಗ್ರಂಥದ್ದು. ಹದಿನೈದು ಭಾಗಗಳ ದೊಡ್ಡ ಕೃತಿ. ಒಂದು ಸಂಗತಿಯನ್ನು ಸಿದ್ಧಮಾಡಿ ತೋರಿಸುವುದು ಹೇಗೆ ಎಂಬುದೇ ಅದರ ವಿಷಯ. ಪೂರ್ತಿ ಗ್ರೀಕ್ ಪ್ರತಿ ಯಾರ ಬಳಿಯೂ ಇರಲಿಲ್ಲ. ಅದನ್ನು ಹುಡುಕಿಕೊಂಡು ಹುನೈನ್ ಮೆಸೊಪೊಟೇಮಿಯಾ, ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿ ಅಲೆಕ್ಸಾಂಡ್ರಿಯಾ ಮುಟ್ಟಿದ. ಸಿಕ್ಕಿದ್ದು ದಮಾಸ್ಕಸ್ಸಿನಲ್ಲಿ ಮಾತ್ರ, ಅದೂ ಸುಮಾರು ಅರ್ಧ, ಅದೂ ಬಿಡಿಬಿಡಿಯಾಗಿ. ಪತ್ರದಲ್ಲಿ ಅವನು ಯಾವ ಭಾಗ ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಬರೆಯುತ್ತಾನೆ. ಇಲ್ಲದ ಭಾಗವನ್ನು ಊಹಿಸಿ ತುಂಬಿಸಲು ಹೋಗುವುದಿಲ್ಲ. ಆ ಗ್ರಂಥ ಇವತ್ತಿಗೂ ಪೂರ್ತಿಯಾಗಿ ಸಿಕ್ಕಿಲ್ಲ.

ಇಷ್ಟೆಲ್ಲ ಬರೆಯುವಾಗ ಅವನ ಕೈಯಲ್ಲಿ ಪುಸ್ತಕಗಳೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ದೇಶ ದೇಶ ತಿರುಗಿ ಒಂದೊಂದಾಗಿ ಕೂಡಿಹಾಕಿದ್ದ ಪುಸ್ತಕಗಳೆಲ್ಲ ಒಮ್ಮೆಗೇ ಕೈಬಿಟ್ಟು ಹೋದವು ಎಂದು ಪತ್ರದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಆಸ್ಥಾನದ ವೈದ್ಯರ ಹೊಟ್ಟೆಕಿಚ್ಚಿನಿಂದಾಗಿ ಖಲೀಫ ಅಲ್-ಮುತವಕ್ಕಿಲನ ಕೋಪಕ್ಕೆ ಗುರಿಯಾಗಿ, ಸೆರೆಮನೆ ಸೇರಿ, ಮನೆ ಮಠ ಕಳೆದುಕೊಂಡ ಕಥೆಯನ್ನು ಹಳೆಯ ಚರಿತ್ರಕಾರರು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ಕಾರಣ ಏನೇ ಇರಲಿ, 129 ಗ್ರಂಥಗಳ ಆ ವಿವರವನ್ನು ಹುನೈನ್ ನೆನಪಿನಿಂದ ಬರೆದ. ಈ ಭಾಗ ಓದುವಾಗ ಎದೆ ಭಾರವಾಗುತ್ತದೆ.

ಪತ್ರದಲ್ಲಿ ಬೇರೆ ರೀತಿಯ ಸಂಕಟವೂ ಇದೆ. ಧ್ವನಿಯನ್ನು ಕುರಿತ ಗೇಲನನ ಗ್ರಂಥವನ್ನು ಮಂತ್ರಿಯೊಬ್ಬನಿಗಾಗಿ ತುಂಬ ಶ್ರಮಪಟ್ಟು ಅರಬ್ಬಿಗೆ ತಂದ. ಮಂತ್ರಿ ಸ್ವತಃ ಒಳ್ಳೆಯ ಬರಹಗಾರ. ಓದಿ, ತನಗೆ ಸರಿ ಕಂಡಂತೆ ಬಹಳಷ್ಟು ಪದಗಳನ್ನು ಬದಲಾಯಿಸಿದ. ಮುಂದೆ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಹುನೈನನ ಮೊದಲ ಪ್ರತಿಯನ್ನೇ ಆರಿಸಿಕೊಂಡ. ಎರಡು ಪ್ರತಿಗಳು ಬೇರೆ ಬೇರೆ ಯಾಕಿವೆ ಎಂದು ತಿಳಿದಿರಲಿ ಎಂದು ಇದನ್ನು ಬರೆದಿದ್ದೇನೆ ಎನ್ನುತ್ತಾನೆ ಹುನೈನ್. ದೂರಿಲ್ಲ, ಸಿಟ್ಟಿಲ್ಲ. ಓದುವವನು ಗೊಂದಲಕ್ಕೆ ಬೀಳಬಾರದು ಎಂಬ ಕಾಳಜಿ ಮಾತ್ರ.

ಈ ಮುಹಮ್ಮದ್ ಮತ್ತವನ ತಮ್ಮಂದಿರಾದ ಅಹ್ಮದ್, ಹಸನ್ ಮೂವರೂ ಬನೂ ಮೂಸಾ ಸೋದರರೆಂದು ಪ್ರಸಿದ್ಧರು. ಯಂತ್ರಗಳು, ರೇಖಾಗಣಿತ, ಖಗೋಳ ಎಲ್ಲದರಲ್ಲೂ ಸ್ವಂತ ಕೆಲಸ ಮಾಡಿದವರು. ಅನುವಾದಕ್ಕಾಗಿ, ಪೂರ್ಣಾವಧಿ ಕೆಲಸಕ್ಕಾಗಿ, ಹುನೈನ್, ಹುಬೈಶ್, ಸಾಬಿತ್ ಮೊದಲಾದವರ ಬಳಗಕ್ಕೆ ತಿಂಗಳಿಗೆ ಸುಮಾರು 500 ದಿನಾರ್ ಕೊಡುತ್ತಿದ್ದರೆಂದು ಇಬ್ನ್ ಅಲ್-ನದೀಮ್ ಬರೆದಿದ್ದಾನೆ. ದಿನಾರ್ ಎಂದರೆ ಚಿನ್ನದ ನಾಣ್ಯ. ಸಾಬಿತ್ ಇಬ್ನ್ ಖುರ್ರಾ ಹರ್ರಾನಿನವನು, ನಕ್ಷತ್ರಗಳನ್ನು ಪೂಜಿಸುವ ಸಾಬಿಯನ್ ಮತದವನು, ನಾಣ್ಯ ಬದಲಾಯಿಸುವ ಕಸುಬಿನವನು. ಬೈಜಾಂಟಿಯಮ್ಮಿನಿಂದ ಮರಳುತ್ತಿದ್ದ ಮುಹಮ್ಮದ್ ದಾರಿಯಲ್ಲಿ ಅವನ ಜಾಣ್ಮೆ ಕಂಡು ಬಾಗ್ದಾದಿಗೆ ಕರೆತಂದ. ಅಪೊಲೋನಿಯಸ್ ಶಂಕುಚ್ಛೇದಗಳ ಮೇಲೆ ಬರೆದ ಎಂಟು ಭಾಗಗಳ ಗ್ರಂಥದಲ್ಲಿ ಐದು, ಆರು, ಏಳನೆಯ ಭಾಗಗಳ ಗ್ರೀಕ್ ಮೂಲ ಕಳೆದುಹೋಗಿದೆ. ಇವತ್ತು ಅವು ನಮಗಿರುವುದು ಸಾಬಿತನ ಅರಬ್ಬಿಯಲ್ಲಿ ಮಾತ್ರ. ಧೂಮಕೇತುವಿನ ಹ್ಯಾಲಿ 1710ರಲ್ಲಿ ಅವನ್ನು ಲ್ಯಾಟಿನ್ನಿಗೆ ತಂದ. ಎಂಟನೆಯದು ಬಾಗ್ದಾದಿನವರಿಗೂ ಸಿಕ್ಕಿರಲಿಲ್ಲ.

ಹುನೈನನ ಮನೆಯೇ ಒಂದು ಕಾರ್ಯಾಗಾರವಾಗಿತ್ತು. ಅವನು ಗ್ರೀಕಿನಿಂದ ಸಿರಿಯಾಕಿಗೆ ತಂದದ್ದನ್ನು ಸೋದರಳಿಯ ಹುಬೈಶ್ ಅರಬ್ಬಿಗೆ ತರುತ್ತಿದ್ದ. ಈಸಾ ಇಬ್ನ್ ಯಹ್ಯಾ ಎಂಬ ಇನ್ನೊಬ್ಬ ಶಿಷ್ಯನೂ ಜೊತೆಗಿದ್ದ. ಮಗ ಇಸ್‌ಹಾಖನ ಒಲವು ತತ್ವಶಾಸ್ತ್ರ ಮತ್ತು ಗಣಿತದ ಕಡೆ. ಅರಿಸ್ಟಾಟಲನ ಹಲವು ಗ್ರಂಥಗಳು, ಯೂಕ್ಲಿಡನ ರೇಖಾಗಣಿತ, ಟಾಲೆಮಿಯ ಖಗೋಳ ಗ್ರಂಥ ‘ಅಲ್ಮಜೆಸ್ಟ್’ ಅವನ ಕೈಯಿಂದ ಅರಬ್ಬಿಗೆ ಬಂದವು. ಕೊನೆಯ ಎರಡನ್ನೂ ಸಾಬಿತ್ ತಿದ್ದಿದ. ಹುಬೈಶನಿಗೆ ಮಾತ್ರ ಚರಿತ್ರೆ ಸ್ವಲ್ಪ ಅನ್ಯಾಯ ಮಾಡಿತು. ಚುಕ್ಕೆಗಳಿಲ್ಲದ ಅರಬ್ಬಿ ಬರಹದಲ್ಲಿ ಅವನ ಹೆಸರೂ ಹುನೈನನ ಹೆಸರೂ ಸುಮಾರು ಒಂದೇ ತರಹ ಕಾಣುವುದರಿಂದ, ಅವನ ಎಷ್ಟೋ ಅನುವಾದಗಳು ಮಾವನ ಖಾತೆಗೆ ಜಮೆಯಾದವು. ಗೇಲನನ ಅಂಗವಿಚ್ಛೇದದ ಗ್ರಂಥದ ಕೊನೆಯ ಭಾಗಗಳು ಗ್ರೀಕಿನಲ್ಲಿ ಇಲ್ಲವೇ ಇಲ್ಲ. ಈ ಮನೆಯಲ್ಲಿ ಆದ ಅರಬ್ಬಿ ಅನುವಾದದಿಂದಲೇ ನಮಗೆ ಗೊತ್ತು.

ಈ ಅನುವಾದಗಳಿಗೆ ಖಲೀಫ ಪುಸ್ತಕದ ತೂಕಕ್ಕೆ ಸಮನಾದ ಚಿನ್ನ ಕೊಡುತ್ತಿದ್ದ ಎಂಬ ಕಥೆ ಎಲ್ಲೆಡೆ ಹರಡಿದೆ. ಅದನ್ನು ನಾನು ಒಪ್ಪಲಾರೆ. ಆದರೆ ಅದರ ಜೊತೆ ಬರುವ ಒಂದು ಸಾಕ್ಷ್ಯ ಬೆಲೆಬಾಳುವಂಥದ್ದು. 13ನೇ ಶತಮಾನದ ವೈದ್ಯ ಇಬ್ನ್ ಅಬೀ ಉಸೈಬಿಯಾ ಹುನೈನನ ಅನುವಾದಗಳ ಹಳೆಯ ಪ್ರತಿಗಳನ್ನು ಕಣ್ಣಾರೆ ನೋಡಿದ್ದ. ದಪ್ಪ ದಪ್ಪ ಅಕ್ಷರ, ಸಾಲು ಸಾಲುಗಳ ನಡುವೆ ಧಾರಾಳ ಜಾಗ, ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ದಪ್ಪದ ಕಾಗದ. ತೂಕ ಹೆಚ್ಚಲಿ ಎಂದೇ ಹೀಗೆ ಮಾಡಿಸಿದ ಎಂದು ಜನ ಹೇಳುತ್ತಿದ್ದರು. ಆ ಕಾಗದ ಅಷ್ಟು ದಪ್ಪಗಿದ್ದುದರಿಂದಲೇ ಪುಸ್ತಕಗಳು ಇಷ್ಟು ಕಾಲ ಬಾಳಿದವು ಎಂದು ಅವನು ಬರೆದಿದ್ದಾನೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಡುವ ಈ ಬಳಗದ ಗುಣ ದೂರದ ದೇಶದಲ್ಲಿ ಫಲ ಕೊಟ್ಟ ಪ್ರಸಂಗ ಒಂದಿದೆ. ಡಯಾಸ್ಕೊರಿಡೀಸ್ ಎಂಬ ಗ್ರೀಕನ ಮೂಲಿಕೆಗಳ ಗ್ರಂಥವನ್ನು ಇಸ್ತಿಫಾನ್ ಇಬ್ನ್ ಬಸೀಲ್ ಅರಬ್ಬಿಗೆ ತಂದ, ಹುನೈನ್ ತಿದ್ದಿದ. ಅದರಲ್ಲಿದ್ದ ನೂರಾರು ಗಿಡಗಳಲ್ಲಿ ಕೆಲವಕ್ಕೆ ಅರಬ್ಬಿಯಲ್ಲಿ ಯಾವ ಹೆಸರೆಂದು ಇಸ್ತಿಫಾನನಿಗೆ ತಿಳಿಯಲಿಲ್ಲ. ಅಂಥ ಕಡೆ ಗ್ರೀಕ್ ಹೆಸರನ್ನೇ ಅರಬ್ಬಿ ಅಕ್ಷರಗಳಲ್ಲಿ ಬರೆದು ಬಿಟ್ಟ. ಮುಂದೆ ಬಲ್ಲವರು ಬರುತ್ತಾರೆ, ಅವರು ಗುರುತಿಸಲಿ ಎಂಬುದು ಅವನ ಆಶೆ. ಔಷಧದ ಪುಸ್ತಕದಲ್ಲಿ ತಪ್ಪು ಹೆಸರು ಬಿದ್ದರೆ ರೋಗಿ ಸಾಯಬಹುದು. ಹಾಗಾಗಿ ಬಿಟ್ಟದ್ದೇ ಸರಿ.

ಸುಮಾರು ನೂರು ವರ್ಷ ಕಳೆಯಿತು. 948ರ ಸುಮಾರಿಗೆ ಬೈಜಾಂಟಿಯಮ್ಮಿನ ಚಕ್ರವರ್ತಿ ಸ್ಪೇನಿನ ಕೊರ್ಡೋವಾದಲ್ಲಿದ್ದ ಖಲೀಫ ಮೂರನೆಯ ಅಬ್ದುಲ್ ರಹಮಾನನಿಗೆ ಇದೇ ಗ್ರಂಥದ ಗ್ರೀಕ್ ಪ್ರತಿಯೊಂದನ್ನು ಉಡುಗೊರೆ ಕಳಿಸಿದ. ಗಿಡಗಳ ಚಿತ್ರಗಳಿದ್ದ ಸೊಗಸಾದ ಪ್ರತಿ. ಕೊರ್ಡೋವಾದಲ್ಲಿ ಗ್ರೀಕ್ ಓದುವವರಿಲ್ಲ. ಕೇಳಿಕೊಂಡ ಮೇಲೆ 951ರಲ್ಲಿ ನಿಕೋಲಾಸ್ ಎಂಬ ಸನ್ಯಾಸಿಯನ್ನು ಕಳಿಸಿದರು. ಅವನೂ, ಯಹೂದಿ ವೈದ್ಯ ಹಸ್ದಾಯಿ ಇಬ್ನ್ ಶಪ್ರೂತನೂ, ಊರಿನ ಇತರ ವೈದ್ಯರೂ ಸೇರಿ ಚಿತ್ರ ನೋಡುತ್ತಾ, ಸುತ್ತಲಿನ ಬೆಟ್ಟ ಬಯಲುಗಳ ಗಿಡಗಳಿಗೆ ಹೋಲಿಸುತ್ತಾ, ಇಸ್ತಿಫಾನ್ ಬಿಟ್ಟುಹೋಗಿದ್ದ ಹೆಸರುಗಳನ್ನು ಒಂದೊಂದಾಗಿ ಗುರುತಿಸಿದರು. ಕೊನೆಗೆ ತಿಳಿಯದೆ ಉಳಿದದ್ದು ಹತ್ತರಷ್ಟು ಮಾತ್ರ ಎಂದು, ನಿಕೋಲಾಸನನ್ನು ಕಂಡಿದ್ದ ಇಬ್ನ್ ಜುಲ್‌ಜುಲ್ ಬರೆದಿದ್ದಾನೆ. ಬಾಗ್ದಾದಿನಲ್ಲಿ ಅರ್ಧ ಬಿಟ್ಟ ಅನುವಾದ ಕೊರ್ಡೋವಾದಲ್ಲಿ ಹೀಗೆ ಪೂರ್ತಿಯಾಯಿತು.

ಕೇಳುಗರೇ, ಅರಬರು ಗ್ರೀಕ್ ಜ್ಞಾನವನ್ನು ಕಾಪಾಡಿ ಯುರೋಪಿಗೆ ಹಿಂದಿರುಗಿಸಿದರು ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಹೊಗಳಿಕೆಯಂತೆ ಕಾಣುವ ಈ ಮಾತು ಅವರ ಕೆಲಸವನ್ನು ಕಿರಿದುಗೊಳಿಸುತ್ತದೆ ಎಂದು ನನ್ನ ದೃಢವಾದ ನಂಬಿಕೆ. ಯಾರದೋ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾದವರಲ್ಲ ಇವರು. ಅಷ್ಟು ಶ್ರದ್ಧೆಯಿಂದ ಸರಿಯಾದ ಪಾಠ ಸಿದ್ಧಪಡಿಸಿದ್ದರಿಂದಲೇ, ಗೇಲನ್ ನಿಜವಾಗಿ ಹೇಳಿದ್ದೇನು ಎಂದು ತಿಳಿದು, ಅವನು ಎಡವಿದ್ದೆಲ್ಲಿ ಎಂದು ಹೇಳಲು ಮುಂದಿನವರಿಗೆ ಸಾಧ್ಯವಾಯಿತು. 10ನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಮಹಾವೈದ್ಯ ಅಲ್-ರಾಜಿ ‘ಗೇಲನನ ಬಗ್ಗೆ ಸಂದೇಹಗಳು’ ಎಂಬ ಗ್ರಂಥವನ್ನೇ ಬರೆದ. ಗೇಲನ್ ತನ್ನ ಗುರು, ಅವನ ಋಣ ದೊಡ್ಡದು ಎಂದು ಹೇಳುತ್ತಲೇ, ಆಸ್ಪತ್ರೆಯಲ್ಲಿ ತಾನು ಕಂಡ ರೋಗಿಗಳು ಗೇಲನನ ಮಾತಿಗೆ ಹೊಂದುವುದಿಲ್ಲ ಎಂದ. ಇಬ್ನ್ ಅಲ್-ಹೈಥಮ್ ಟಾಲೆಮಿಯ ಮೇಲೆ ಅಂಥದ್ದೇ ಗ್ರಂಥ ಬರೆದ. 1242ರಲ್ಲಿ ಇಬ್ನ್ ಅಲ್-ನಫೀಸ್ ಇನ್ನೂ ಮುಂದೆ ಹೋದ. ಹೃದಯದ ಬಲ ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ದಾಟುತ್ತದೆ ಎಂದಿದ್ದ ಗೇಲನ್. ಅಂಥ ರಂಧ್ರಗಳಿಲ್ಲ, ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು ಎಡಗಡೆಗೆ ಬರುತ್ತದೆ ಎಂದು ಇಬ್ನ್ ಅಲ್-ನಫೀಸ್ ಸ್ಪಷ್ಟವಾಗಿ ಬರೆದ. ಈ ಸಾಲುಗಳಿದ್ದ ಹಸ್ತಪ್ರತಿಯನ್ನು 1924ರಲ್ಲಿ ಬರ್ಲಿನ್ನಿನಲ್ಲಿ ಗುರುತಿಸಿದವರು ಈಜಿಪ್ಟಿನ ತರುಣ ವೈದ್ಯ ಅಲ್-ತತಾವಿ.

ಯುರೋಪಿನ ಕಥೆ ಹೆಚ್ಚು ಪರಿಚಿತವಾದದ್ದರಿಂದ ಬೇಗ ಹೇಳಿಬಿಡುತ್ತೇನೆ. ಇಟಲಿಯ ಗೆರಾರ್ಡ್ ಎಂಬಾತ ‘ಅಲ್ಮಜೆಸ್ಟ್’ ಓದುವ ಆಸೆಯಿಂದ ಸ್ಪೇನಿನ ತೊಲೆದೊಗೆ ಹೋಗಿ, ಅರಬ್ಬಿ ಕಲಿತು, 1175ರಲ್ಲಿ ಅದನ್ನು ಲ್ಯಾಟಿನ್ನಿಗೆ ತಂದ. ಎಪ್ಪತ್ತಕ್ಕೂ ಹೆಚ್ಚು ಗ್ರಂಥಗಳನ್ನು ಅನುವಾದಿಸಿ 1187ರಲ್ಲಿ ತೀರಿಕೊಂಡ. ಹುನೈನ್ ಅಲ್ಲಿ ‘ಜೊಹಾನಿಟಿಯಸ್’ ಆದ. ಅವನ ವೈದ್ಯಪ್ರವೇಶಿಕೆ ಯುರೋಪಿನ ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ಪಾಠಗಳಲ್ಲೊಂದಾಯಿತು.

ಪೂರ್ವಕ್ಕೆ ಬಂದ ಹಾದಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಇಸ್‌ಹಾಖ್ ಅನುವಾದಿಸಿ ಸಾಬಿತ್ ತಿದ್ದಿದ ಯೂಕ್ಲಿಡನನ್ನು 13ನೇ ಶತಮಾನದಲ್ಲಿ ಪರ್ಷಿಯಾದ ನಸೀರುದ್ದೀನ್ ತೂಸಿ ಮತ್ತೆ ಪರಿಷ್ಕರಿಸಿದ. ಮುಂದೆ ಪರ್ಷಿಯಾ, ಭಾರತದ ಮದರಸಾಗಳಲ್ಲಿ ರೇಖಾಗಣಿತವೆಂದರೆ ಈ ತೂಸಿಯ ಪಾಠವೇ. 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದ, ಅದರಲ್ಲಿ ರೇಖಾಗಣಿತವೂ ತರ್ಕವೂ ಇದ್ದವು ಎಂದು ವಿಜಯಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಷ್ತಾ ಹೇಳುತ್ತಾನೆ. ಬೀದರಿನಲ್ಲಿ 1472ರಲ್ಲಿ ಎದ್ದ ಮಹಮೂದ್ ಗವಾನನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂಬುದೂ ಅವನದೇ ಮಾತು. ಗೇಲನನ ನಾಲ್ಕು ರಸಗಳ ವೈದ್ಯವಂತೂ ಯುನಾನಿ ದವಾಖಾನೆಗಳಲ್ಲಿ ಇವತ್ತಿಗೂ ನಡೆದಿದೆ. 1984ರಲ್ಲಿ ಸ್ಥಾಪನೆಯಾದ ಅದರ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ.

ಈ ಹಾದಿಯಲ್ಲಿ ಬಂದ ಇನ್ನೊಬ್ಬ ಅನುವಾದಕನ ಹೆಸರನ್ನು ಹೇಳಲೇಬೇಕು. ಜೈಪುರದ ಸವಾಯಿ ಜೈಸಿಂಗನ ಆಸ್ಥಾನದ ಪಂಡಿತ ಜಗನ್ನಾಥ ಸಮ್ರಾಟ್. ಜೈಸಿಂಗನ ಅಪೇಕ್ಷೆಯಂತೆ ಆತ ಅರಬ್ಬಿ, ಪಾರಸಿ ಕಲಿತ. 18ನೇ ಶತಮಾನದ ಆರಂಭದಲ್ಲಿ ತೂಸಿಯ ಯೂಕ್ಲಿಡನನ್ನು ‘ರೇಖಾಗಣಿತ’ ಎಂಬ ಹೆಸರಿನಿಂದ ಸಂಸ್ಕೃತಕ್ಕೆ ತಂದ. 1732ರಲ್ಲಿ ‘ಅಲ್ಮಜೆಸ್ಟ್’ ಕೂಡ ‘ಸಮ್ರಾಟ್ ಸಿದ್ಧಾಂತ’ವಾಗಿ ಸಂಸ್ಕೃತದಲ್ಲಿ ಬಂತು. ಸಿಂಧ್ ಕಡೆಯಿಂದ ಒಂದು ಸಿದ್ಧಾಂತ ಗ್ರಂಥ ಬಾಗ್ದಾದಿಗೆ ಹೋಗಿ ಆಗ ಸುಮಾರು 960 ವರ್ಷಗಳಾಗಿದ್ದವು. ಜಗನ್ನಾಥನೂ ಬರೀ ಅನುವಾದ ಮಾಡಿ ಕೈಬಿಡಲಿಲ್ಲ. ಜೈಸಿಂಗನ ಕಾಲದಲ್ಲಿ ಕಟ್ಟಿದ ಯಂತ್ರಗಳ ವಿವರವನ್ನೂ, ಆಕಾಶವನ್ನು ಹೊಸದಾಗಿ ಅಳೆದು ಪಡೆದ ಬೆಲೆಗಳನ್ನೂ ಟಾಲೆಮಿಯ ಲೆಕ್ಕಗಳ ಜೊತೆಗೆ ಸೇರಿಸಿ ಬರೆದ.